ಎಡಕ್ಕೆ ಓಡುವ ಚೆಂಡು: ಗಾಲ್ಫ್ ಆಟದ ‘ಹುಕ್’ ಮತ್ತು ಅದರ ಪರಿಹಾರ



‘ಹುಕ್’ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಕ್ರಿಕೆಟ್. ಬೌನ್ಸರ್ ಚೆಂಡನ್ನು ಲೆಗ್ ಕಡೆಗೆ ಬಾರಿಸುವ ದಿಟ್ಟ ಹೊಡೆತ ಅದು. ಗಾಲ್ಫ್ ಆಟದಲ್ಲಿ ಮಾತ್ರ ಈ ಹೆಸರು ಸಾಮಾನ್ಯವಾಗಿ ಒಂದು ದೋಷಕ್ಕೆ ಸಲ್ಲುತ್ತದೆ. ಬಲಗೈ ಆಟಗಾರ ಹೊಡೆದ ಚೆಂಡು ಗಾಳಿಯಲ್ಲಿ ಸಾಗುತ್ತ ಎಡಕ್ಕೆ ಜೋರಾಗಿ ಬಾಗಿದರೆ ಅದು ಹುಕ್. ಮಿತವಾಗಿ ಬಾಗಿದರೆ ಅದನ್ನು ‘ಡ್ರಾ’ ಎನ್ನುತ್ತಾರೆ. ನುರಿತವರು ಬೇಕೆಂದೇ ಹಾಗೆ ಹೊಡೆಯುವುದುಂಟು. ಎಡಗೈ ಆಟಗಾರರು ಈ ಲೇಖನದ ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡು ಓದಿಕೊಳ್ಳಬೇಕು.

ಹುಕ್ ಆದ ಚೆಂಡು ನೀರಿಗೆ ಬಿದ್ದರೆ ಆಟಗಾರನಿಗೆ ಒಂದು ಹೊಡೆತದ ದಂಡ. ಒಂದೇ ತಾನೇ ಎನ್ನಬೇಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನ ಆಡಿ ನಾಲ್ಕನೆಯ ಸ್ಥಾನ ಪಡೆದರು. ಅವರಿಗೂ ಪದಕಕ್ಕೂ ನಡುವೆ ಇದ್ದದ್ದು ಒಂದೇ ಹೊಡೆತ.

ಚೆಂಡು ಬಾಗುವುದೇಕೆ?

ಗಾಲ್ಫ್ ಚೆಂಡಿನ ತೂಕ 46 ಗ್ರಾಂ ಮೀರುವುದಿಲ್ಲ. ಕ್ಲಬ್ಬು ಅದಕ್ಕೆ ತಗುಲಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಚೆಂಡಿನ ವೇಗ, ದಿಕ್ಕು ಮತ್ತು ಗಿರಕಿ ಮೂರೂ ನಿಶ್ಚಯವಾಗಿಬಿಡುತ್ತವೆ. ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವುದರಿಂದ ಚೆಂಡು ಹಿಮ್ಮುಖವಾಗಿ ಗಿರಕಿ ಹೊಡೆಯುತ್ತ ಮೇಲೇಳುತ್ತದೆ. ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಎರಪಳ್ಳಿ ಪ್ರಸನ್ನ ಅವರ ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೊದಲೇ ಕೆಳಗಿಳಿಯುತ್ತಿದ್ದುದರ ಹಿಂದೆಯೂ ಇದೇ ತತ್ತ್ವವಿದೆ. ಅಲ್ಲಿ ಗಿರಕಿ ಮುಮ್ಮುಖ, ಆದ್ದರಿಂದ ತಳ್ಳಾಟ ಕೆಳಕ್ಕೆ.

ಗಾಲ್ಫ್ ಚೆಂಡು ತಿರುಗುವ ಅಕ್ಷ ನೆಲಕ್ಕೆ ಸಮಾನಾಂತರವಾಗಿದ್ದರೆ ಚೆಂಡು ನೇರವಾಗಿ ಹೋಗುತ್ತದೆ. ಅಕ್ಷ ಎಡಕ್ಕೆ ವಾಲಿದರೆ, ಮೇಲಕ್ಕೆತ್ತುವ ಬಲದ ಒಂದು ಪಾಲು ಎಡಕ್ಕೆ ಎಳೆಯತೊಡಗುತ್ತದೆ. ಅಕ್ಷ ಹೀಗೆ ವಾಲಲು ಮುಖ್ಯ ಕಾರಣ ಒಂದೇ: ಚೆಂಡಿಗೆ ತಗುಲುವ ಕ್ಷಣದಲ್ಲಿ ಕ್ಲಬ್ಬಿನ ಮುಖ, ಕ್ಲಬ್ಬು ಸಾಗುತ್ತಿರುವ ಹಾದಿಗಿಂತ ಎಡಕ್ಕೆ ತಿರುಗಿರುವುದು. ಗಾಲ್ಫ್ ಆಡುವವರು ಇದನ್ನು ‘ಮುಚ್ಚಿದ ಮುಖ’ ಎನ್ನುತ್ತಾರೆ.

ಚೆಂಡು ಬೀಸಿನ ಹಾದಿಯಲ್ಲೇ ಹೊರಡುತ್ತದೆ ಎಂದು ಹಿಂದಿನ ಹಲವು ಪುಸ್ತಕಗಳು ಹೇಳುತ್ತಿದ್ದವು. ರೇಡಾರ್ ಉಪಕರಣಗಳಿಂದ ಅಳೆದು ನೋಡಿದಾಗ ಅದು ಸರಿಯಲ್ಲವೆಂದು ತಿಳಿಯಿತು. ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಕ್ಲಬ್ಬಿನ ಮುಖ. ಮುಖಕ್ಕೂ ಹಾದಿಗೂ ಇರುವ ಅಂತರ ಚೆಂಡು ಎಷ್ಟು ಬಾಗಬೇಕೆಂಬುದನ್ನು ನಿರ್ಧರಿಸುತ್ತದೆ.

ಆದ್ದರಿಂದ ಚೆಂಡಿನ ಓಟವನ್ನು ನೋಡಿಯೇ ದೋಷವನ್ನು ಗುರುತಿಸಬಹುದು. ಚೆಂಡು ಗುರಿಯ ಬಲಕ್ಕೆ ಹೊರಟು ಎಡಕ್ಕೆ ಬಾಗಿದರೆ, ಮುಖ ಬಲಕ್ಕಿತ್ತು, ಬೀಸಿನ ಹಾದಿ ಇನ್ನೂ ಬಲಕ್ಕಿತ್ತು. ಗುರಿಯತ್ತಲೇ ಹೊರಟು ಬಾಗಿದರೆ, ಮುಖ ಸರಿಯಿತ್ತು, ಹಾದಿ ಬಲಕ್ಕಿತ್ತು. ಎಡಕ್ಕೇ ಹೊರಟು ಮತ್ತಷ್ಟು ಎಡಕ್ಕೆ ಓಡಿದರೆ, ಮುಖವೇ ಗುರಿಯಿಂದ ಎಡಕ್ಕೆ ತಿರುಗಿತ್ತು. ಎಡಕ್ಕೆ ಹೊರಟು ಬಾಗದೆ ನೆಟ್ಟಗೆ ಹೋದರೆ ಅದು ಹುಕ್ ಅಲ್ಲ.

ಮನಸ್ಸು ಹೇಳುವ ತಪ್ಪು ಮದ್ದು

ಚೆಂಡು ಎಡಕ್ಕೆ ಹೋಗುತ್ತಿದ್ದರೆ ನೀವು ಏನು ಮಾಡುತ್ತೀರಿ? ಬಹುಮಂದಿ ಮಾಡುವುದು ಇಷ್ಟೇ: ಬಲಕ್ಕೆ ತಿರುಗಿ ನಿಂತು, ಬಲಕ್ಕೆ ಬೀಸುತ್ತಾರೆ. ಆದರೆ ಮೇಲಿನ ಮಾತನ್ನು ನೆನಪಿಸಿಕೊಳ್ಳಿ. ಹಾದಿ ಬಲಕ್ಕೆ ಸರಿದಷ್ಟೂ ಹಾದಿಗೂ ಮುಖಕ್ಕೂ ಅಂತರ ಹೆಚ್ಚುತ್ತದೆ, ಚೆಂಡು ಮತ್ತಷ್ಟು ಬಾಗುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಕಾರಣ ತಿಳಿಯದೆ ಮಾಡಿದ ಚಿಕಿತ್ಸೆಯೇ ರೋಗವನ್ನು ಬೆಳೆಸುತ್ತದೆ.

ಅಮೆರಿಕದ ಬೆನ್ ಹೋಗನ್ ಅವರ ಜೀವನ ಇದಕ್ಕೆ ನಿದರ್ಶನ. 1912ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಇವರು ಹದಿಹರೆಯದಲ್ಲೇ ವೃತ್ತಿ ಆಟಗಾರರಾದರು. ಹುಕ್ ಅವರನ್ನು ವರ್ಷಗಟ್ಟಲೆ ಕಾಡಿತು. ಕೈಯಲ್ಲಿ ಹಣವಿಲ್ಲದೆ ಪಂದ್ಯಗಳನ್ನು ಬಿಟ್ಟು ಊರಿಗೆ ಮರಳಬೇಕಾಯಿತು. ಪ್ರಮುಖ ಪಂದ್ಯಾವಳಿಯೊಂದನ್ನು ಒಬ್ಬರೇ ಗೆದ್ದದ್ದು 1940ರಲ್ಲಿ. ಹೋಗನ್ ಅವರು ಎಡಗೈ ಹಿಡಿತವನ್ನು ಬದಲಿಸಿಕೊಂಡರು, ಮಣಿಕಟ್ಟಿನ ಭಂಗಿಯನ್ನು ತಿದ್ದಿಕೊಂಡರು. 1946ರಿಂದ 1953ರವರೆಗೆ ಒಂಬತ್ತು ಅತ್ಯುನ್ನತ ಪ್ರಶಸ್ತಿಗಳನ್ನು ಗೆದ್ದರು. 1955ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ತಮ್ಮ ಗುಟ್ಟನ್ನು ಪ್ರಕಟಿಸಿದರು. ಆದರೆ ಒಂದು ಎಚ್ಚರಿಕೆ: ಹೊಸಬರಲ್ಲಿ ಹೆಚ್ಚಿನವರ ಚೆಂಡು ಎಡಕ್ಕಲ್ಲ, ಬಲಕ್ಕೆ ಬಾಗುತ್ತದೆ. ಅಂಥವರು ಹೋಗನ್ ಮದ್ದನ್ನು ಸೇವಿಸಿದರೆ ಇದ್ದ ದೋಷವೂ ಉಲ್ಬಣಿಸುತ್ತದೆ.

ತಿದ್ದುವ ಕ್ರಮ

ಒಂದು: ಕ್ಲಬ್ಬಿನ ಮುಖಕ್ಕೆ ಸೀಮೆಸುಣ್ಣದ ಪುಡಿ ಸವರಿ ಕೆಲವು ಚೆಂಡು ಹೊಡೆಯಿರಿ. ಗುರುತು ನಡುವೆ ಬೀಳದೆ ತುದಿಯ ಕಡೆಗೆ ಬಿದ್ದರೆ, ಡ್ರೈವರ್‌ನಂಥ ದಪ್ಪ ತಲೆಯ ಕ್ಲಬ್ಬಿನಲ್ಲಿ ಅದೇ ಹುಕ್‌ಗೆ ಕಾರಣವಾಗಬಹುದು. ತುದಿಗೆ ತಗುಲಿದಾಗ ಕ್ಲಬ್ಬಿನ ತಲೆ ತಿರುಗಿ, ಹಲ್ಲುಚಕ್ರದಂತೆ ಚೆಂಡಿಗೆ ಎದುರು ಗಿರಕಿ ಕೊಡುತ್ತದೆ. ಆಗ ಚೆಂಡಿನಿಂದ ಎಷ್ಟು ದೂರ ನಿಲ್ಲುತ್ತೀರೆಂಬುದನ್ನು ಮೊದಲು ಪರೀಕ್ಷಿಸಿ.

ಎರಡು: ಕ್ಲಬ್ ಹಿಡಿದು ಎಡಗೈಯನ್ನು ಮೇಲಿನಿಂದ ನೋಡಿ. ಬೆರಳುಗಳ ಎರಡು ಗೆಣ್ಣು ಕಂಡರೆ ಹಿಡಿತ ಹದವಾಗಿದೆ. ಮೂರು-ನಾಲ್ಕು ಕಂಡರೆ ಕೈ ಬಲಕ್ಕೆ ಹೆಚ್ಚು ಹೊರಳಿದೆ. ಬೀಸುವಾಗ ಅದು ಸಹಜ ಸ್ಥಿತಿಗೆ ಮರಳುತ್ತ ಮುಖವನ್ನು ಮುಚ್ಚಿಬಿಡುತ್ತದೆ. ಎರಡೂ ಕೈಗಳನ್ನು ಸ್ವಲ್ಪ ಎಡಕ್ಕೆ ಹೊರಳಿಸಿ ಹಿಡಿಯಿರಿ. ಮೊದಮೊದಲು ವಿಚಿತ್ರವೆನಿಸುತ್ತದೆ, ಬಿಡಬೇಡಿ.

ಮೂರು: ಎರಡು ಕ್ಲಬ್‌ಗಳನ್ನು ನೆಲದ ಮೇಲೆ ರೈಲು ಹಳಿಯಂತೆ ಸಮಾನಾಂತರವಾಗಿಡಿ. ಒಂದು ಚೆಂಡಿನಿಂದ ಗುರಿಯತ್ತ, ಇನ್ನೊಂದು ಕಾಲ್ಬೆರಳುಗಳ ಮುಂದೆ ಇರಲಿ. ಪಾದ, ಸೊಂಟ, ಭುಜ ಮೂರೂ ಈ ಗೆರೆಗೆ ಹೊಂದಿವೆಯೇ ನೋಡಿ. ಚೆಂಡು ಬಲಪಾದದ ಕಡೆಗೆ ತೀರ ಹಿಂದಿದ್ದರೂ ಹಾದಿ ಬಲಕ್ಕೆ ಸರಿಯುತ್ತದೆ. ಡ್ರೈವರ್ ಹೊಡೆತಕ್ಕೆ ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ. ಹೊಡೆಯುವ ಮುನ್ನ ಹಳಿಗಳನ್ನು ತೆಗೆದಿಡಲು ಮರೆಯಬೇಡಿ.

ನಾಲ್ಕು: ಚೆಂಡಿಗೆ ತಗುಲುವಾಗ ಸೊಂಟದ ತಿರುವು ನಿಂತುಹೋದರೆ ಕೈಗಳು ಮುನ್ನುಗ್ಗಿ ಮುಖವನ್ನು ಮಗುಚುತ್ತವೆ. ಸಣ್ಣ ಐರನ್ ಹಿಡಿದು ಅರ್ಧ ಬೀಸಿನಲ್ಲಿ ಅಭ್ಯಾಸ ಮಾಡಿ. ಬೀಸು ಮುಗಿದಾಗ ಎದೆ ಗುರಿಯತ್ತ ತಿರುಗಿರಬೇಕು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಹತ್ತು ಚೆಂಡು ಹೊಡೆದು, ಪ್ರತಿಯೊಂದೂ ಎತ್ತ ಹೊರಟಿತು, ಎತ್ತ ಬಾಗಿತು ಎಂದು ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯದು. ಪ್ರಯೋಗಶಾಲೆಯಲ್ಲಿ ನೀವು ಪಾಲಿಸುವ ನಿಯಮವೂ ಇದೇ ಅಲ್ಲವೇ? ಚೆಂಡು ನಿಮ್ಮ ಪಾದಗಳಿಗಿಂತ ಎತ್ತರದ ಇಳಿಜಾರಿನಲ್ಲಿದ್ದರೆ ಅದು ತಾನಾಗಿ ಎಡಕ್ಕೆ ಹೋಗುತ್ತದೆ. ಅದನ್ನು ನಿಮ್ಮ ದೋಷದ ಲೆಕ್ಕಕ್ಕೆ ಸೇರಿಸಬೇಡಿ. ಕ್ಲಬ್ ಬೀಸುವ ಮೊದಲು ಸುತ್ತಮುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಗಾಲ್ಫ್ ಮೈದಾನ ನಿಮ್ಮೂರಿನಲ್ಲಿ ಇಲ್ಲದಿರಬಹುದು. ಆದರೂ ಮುಂದಿನ ಸಲ ಟಿ.ವಿ. ತೆರೆಯ ಮೇಲೆ ಚೆಂಡೊಂದು ಎಡಕ್ಕೆ ಬಾಗಿದಾಗ, ಮುಖ ಎತ್ತಲಿತ್ತು, ಹಾದಿ ಎತ್ತಲಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆದರೆ, ನೀವು ಅರ್ಧ ಆಟಗಾರರಾದಿರಿ ಎಂದೇ ತಿಳಿಯಿರಿ.