ಸೀಟಿನ ಹಿಂದಿನ ಹಲಗೆ

ಬಸವಕಲ್ಯಾಣದ ಆಟೊ ನಗರಕ್ಕೆ ಹೋದವರಿಗೆ ಮೊದಲು ಕಾಣುವುದು ಲಾರಿಗಳ ಮೈಮೇಲಿನ ಬಣ್ಣ. ನಾನು ಹೋದದ್ದು ಒಳಗಿನ ಕೆಲಸ ನೋಡಲು. ಹಳೆಯ ಟಾಟಾ ಲಾರಿಯೊಂದರ ಕ್ಯಾಬಿನ್ನಿನಲ್ಲಿ ಅದರ ಮಾಲೀಕರೇ ಕುಳಿತು ಹರಿದ ರೆಕ್ಸಿನ್ ಕೀಳುತ್ತಿದ್ದರು. ಡ್ರೈವರೂ ಅವರೇ. ಟಿಂಕರಿಂಗ್, ಬಣ್ಣ ಎಲ್ಲ ಮಿಸ್ತ್ರಿಗಳಿಗೆ ಬಿಟ್ಟಿದ್ದಾರೆ. ಸೀಟಿನ ಹಿಂದಿನ ಮಲಗುವ ಹಲಗೆಯನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ.

ಆ ಹಲಗೆಯಲ್ಲಿ ಒಂದು ಸಂಸಾರಕ್ಕಾಗುವಷ್ಟು ವಿಚಾರವಿದೆ. ಮೊಳೆ ಹೊಡೆದರೆ ತೆಗ್ಗುದಿಣ್ಣೆಯ ಕುಲುಕಾಟಕ್ಕೆ ಸಡಿಲವಾಗುತ್ತದೆಂದು ಎಲ್ಲವೂ ಸ್ಕ್ರೂ. ಅಂಚಿಗೆ ಎರಡು ಬೆರಳು ಎತ್ತರದ ಪಟ್ಟಿ, ಜೊತೆಗಾರ ಓಡಿಸುವಾಗ ಮಲಗಿದವನು ಉರುಳಿ ಬೀಳಬಾರದಲ್ಲ. ಕೆಳಗೆ ಗಟ್ಟಿ ಫೋಮ್, ಮೇಲೆ ಮೆತ್ತನೆಯದು. ಹಲಗೆ ಎತ್ತಿದರೆ ಕಾಗದಪತ್ರ, ಹಗ್ಗ, ರೊಟ್ಟಿ ಗಂಟು, ಶೇಂಗಾ ಹಿಂಡಿ. ರಾತ್ರಿ ಡೀಸೆಲ್ ಕದಿಯಲು ಬಂದವರ ಸಪ್ಪಳ ಕೇಳಲೆಂದು ತಲೆದಿಂಬಿನ ಜಾಗ ಟ್ಯಾಂಕ್ ಇರುವ ಕಡೆಗೇ. ಯಾವ ಕಂಪನಿಯ ಎಂಜಿನಿಯರಿಗೆ ಇದು ಹೊಳೆದೀತು?

ಈ ಸೀಮೆಗೆ ಲಾರಿ ಹೊಸದಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ, ಹಿಂದಿನ 9, ಈಗಿನ 65, ಊರಿನ ಹತ್ತಿರದ ಸಸ್ತಾಪುರ ಬಂಗ್ಲಾದ ಮೇಲೆ ಹಾದು ಹುಮನಾಬಾದಿಗೆ ಹೋಗುತ್ತದೆ. ಅಲ್ಲಿ ಬೀದರ್–ಕಲಬುರಗಿ ರಸ್ತೆ ಕೂಡುತ್ತದೆ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆಗೂಡಿ ಲಾರಿ ತಯಾರಿಸತೊಡಗಿತು. ಆಮೇಲೆ ಬಹುಕಾಲ ಎಷ್ಟೋ ಲಾರಿಗಳು ಬರೀ ಚಾಸಿಯಾಗಿ ಬರುತ್ತಿದ್ದವು. ಕ್ಯಾಬಿನ್ ಕಟ್ಟುತ್ತಿದ್ದವರು ಊರಿನ ಬಡಿಗರು, ತಗಡಿನ ಮಿಸ್ತ್ರಿಗಳು.

ಕ್ಯಾಬಿನ್ನಿನ ಒಳಗಿನ ಕೆಲಸವನ್ನು ಸ್ವಂತ ಕೈಯಿಂದ ಮಾಡುವವರು ಎಡವುವುದು ಕರೆಂಟಿನಲ್ಲಿ. ದೊಡ್ಡ ಲಾರಿಯದು 24 ವೋಲ್ಟ್, 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. ಕಾರಿನ ಫ್ಯಾನನ್ನೋ ಟೇಪ್ ರೆಕಾರ್ಡರನ್ನೋ ತಂದು ಒಂದೇ ಬ್ಯಾಟರಿಗೆ ಸಿಕ್ಕಿಸಿದರೆ ಅದೊಂದೇ ಸೊರಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗುತ್ತದೆ. ಕೊನೆಗೆ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಲೇಬೇಕು. ಫ್ಯೂಸ್ ಇಲ್ಲದ ವೈರನ್ನು ಫೋಮಿನ ಅಡಿಗೆ ಎಳೆಯುವುದಂತೂ ಬೆಂಕಿಯನ್ನು ಮಗ್ಗುಲಲ್ಲಿ ಮಲಗಿಸಿಕೊಂಡ ಹಾಗೆ. ಕರೆಂಟಿನ ಜೊತೆಗೆ ಕಾವಿನ ಕಾಟವೂ ಇದೆ; ಎಂಜಿನ್ನಿನ ಬಿಸಿ ತಡೆಯಲು ಬಾನೆಟ್ಟಿಗೆ ದಪ್ಪ ಫೆಲ್ಟ್ ಹೊದಿಸಿ ಮೇಲೆ ರೆಕ್ಸಿನ್ ಬಿಗಿಯುತ್ತಾರೆ.

ಈಗ ಹೊಸದಾಗಿ ತಯಾರಾಗುವ ಮಧ್ಯಮ ಹಾಗೂ ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ. ಬೇಸಿಗೆಯಲ್ಲಿ ಬೆಂದವರಿಗೆ ಇದು ಎಂದೋ ಸಿಗಬೇಕಿತ್ತು, ಸಿಕ್ಕಿದ್ದು ಒಳ್ಳೆಯದೇ. ಆದರೆ ಕಂಪನಿಯಿಂದ ಸಿದ್ಧವಾಗಿ ಬರುವ ಕ್ಯಾಬಿನ್ನಿನಲ್ಲಿ ಹಾಸಿಗೆಯೂ ಅಲ್ಲೇ ಕೂರಿಸಿ ಬಂದಿರುತ್ತದೆ, ಗೋಡೆಯ ಹಿಂದೆಲ್ಲ ವೈರು. ಸ್ಕ್ರೂ ಕೊರೆಯಲು ಹೆದರಿಕೆ. ಬಡಿಗನಿಗೆ ಅಲ್ಲಿ ಕೆಲಸವಿಲ್ಲ; ಕುಶನ್ ಅಂಗಡಿಗೆ ಉಳಿಯುವುದು ಸೀಟಿನ ಕವರು, ಪರದೆ. ಹೊಸ ಲಾರಿ ತೆಗೆದುಕೊಂಡರೆ ಈ ಹಲಗೆಯನ್ನು ಅದಕ್ಕೇ ಕೂರಿಸುವುದಾಗಿ ಆ ಮಾಲೀಕರು ಹೇಳಿದರು. ಅಳತೆ ಕೂಡುವುದಿಲ್ಲವೆಂದು ಪಕ್ಕದಲ್ಲಿದ್ದ ಮಿಸ್ತ್ರಿ ಆಗಲೇ ತಲೆಯಾಡಿಸುತ್ತಿದ್ದರು.