ಬಾಗಿಲು ತಟ್ಟಿ ನೀರು ಕೇಳಿದರೆ...

ಕಿತ್ತೂರಿನಿಂದ ಐದಾರು ಕಿಲೋಮೀಟರ್ ಒಳಗೆ ಹೋದರೆ ದೇಗಾಂವ ಅಂತ ಒಂದು ಊರು. ಗೋವೆಯ ಕದಂಬರ ಕಾಲದ, ಹನ್ನೆರಡನೇ ಶತಮಾನದ ಕಮಲನಾರಾಯಣ ದೇವಸ್ಥಾನ ಇರೋದು ಇಲ್ಲೇ. ದೇವಸ್ಥಾನದ ಬಗ್ಗೆ ಇನ್ನೊಂದು ದಿನ ಮಾತಾಡೋಣ. ಇವತ್ತು ಹೇಳಬೇಕಾಗಿರೋದು ಆ ಊರಿನ ಚಹಾದ ಅಂಗಡಿ ಮುಂದೆ ನಾನು ಕೇಳಿಸಿಕೊಂಡ ಒಂದು ಜಗಳದ ಬಗ್ಗೆ. ಜಗಳ ಹೊಲದ ಬದುವಿನದ್ದಲ್ಲ, ಎಲೆಕ್ಷನ್ನಿನದ್ದೂ ಅಲ್ಲ. ಒಂದು ಸಿನಿಮಾದ್ದು. ‘ದಂಡುಪಾಳ್ಯ 2’.

ಬೇರೆ ಯಾವುದೋ ವರದಿಗೆ ಅಂತ ಆ ಕಡೆ ಹೋಗಿದ್ದೆ. ಕ್ಯಾಮೆರಾಮನ್ ಚಹಾ ಕುಡೀತಿದ್ದ. ಪಕ್ಕದ ಕಟ್ಟೆಯ ಮೇಲೆ ಇಬ್ಬರು ಹುಡುಗರು ಮೊಬೈಲ್ ಹಿಡ್ಕೊಂಡು ಕೂತಿದ್ರು. ನನ್ನ ಗುರುತು ಹಿಡಿದು ಒಬ್ಬ ಕೇಳಿದ: ‘ಸರ, ನೀವ ಹೇಳ್ರಿ, ಈ ಎರಡನೇ ಪಾರ್ಟ್ ಯಾಕ ತಗದ್ರು? ಮೊದಲನೇದು ನೋಡಿದಾಗ ಎದಿ ಢವಢವ ಅಂತಿತ್ತು. ಇದ್ರಾಗ ಏನೈತಿ? ಬರೇ ಬಡಿಯೂದು, ಒದರೂದು.’ ಅಂಗಡಿಯವರು ಒಳಗಿಂದಲೇ ಜೋರಾಗಿ ಅಂದ್ರು: ‘ಅದಲ್ರಿ ಸಾಹೇಬ್ರ, ಕುತ್ತಿಗಿ ಕೊಯ್ದವ್ರ ಮ್ಯಾಲ ನಮಗ ಕನಿಕರ ಬರಸಾಕ ಹೊಂಟಾರಲ್ಲ, ಸತ್ತವ್ರ ಮನ್ಯಾಗ ಮಂದಿ ಇಲ್ಲೇನು?’ ಮೂರನೇ ಅಭಿಪ್ರಾಯ ಹೇಳಿದ್ದು ಸಕ್ಕರೆ ಒಯ್ಯಲಿಕ್ಕೆ ಬಂದಿದ್ದ ಒಬ್ಬ ಅಜ್ಜಿ. ಅದನ್ನ ಕೊನೆಗೆ ಹೇಳ್ತೀನಿ.

ಈ ಸಿನಿಮಾ ಬಂದದ್ದು 2017ರ ಜುಲೈನಲ್ಲಿ. ತೆರೆಯ ಮೇಲೆ ಅದರ ಹೆಸರು ಬರೀ ‘2’. ಒಂದು ಅಂಕಿ, ಅಷ್ಟೇ. ಆದ್ರೆ ಜನ ಕರೆಯೋದು ‘ದಂಡುಪಾಳ್ಯ 2’ ಅಂತಲೇ. ಇಷ್ಟು ವರ್ಷ ಆದ ಮೇಲೂ ಒಂದು ಹಳ್ಳಿಯ ಕಟ್ಟೆ ಮೇಲೆ ಅದರ ಬಗ್ಗೆ ವಾದ ನಡೀತಿದೆ ಅಂದ್ರೆ, ವಾದ ಸಿನಿಮಾದ್ದಷ್ಟೇ ಅಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಈ ಜಾತಿಯ ಸಿನಿಮಾ ಯಾವುದು ಅಂತ ತಿಳ್ಕೊಳ್ಳಿ. ದೆವ್ವ ಇಲ್ಲ, ಮಾಟ ಇಲ್ಲ. ಕೈಯಲ್ಲಿ ಚಾಕು ಹಿಡಿದ ಮನುಷ್ಯ, ಒಬ್ಬರಾದ ಮೇಲೆ ಒಬ್ಬರನ್ನ ಕೊಲ್ಲುತ್ತಾ ಹೋಗ್ತಾನೆ. ಇಂಗ್ಲಿಷಿನವರು ಇದಕ್ಕೆ ಸ್ಲ್ಯಾಷರ್ ಅಂತಾರೆ. ಇದಕ್ಕೆ ದೊಡ್ಡ ಬಂಡವಾಳ ಬೇಡ. 1978ರಲ್ಲಿ ಅಮೆರಿಕದಲ್ಲಿ ‘ಹ್ಯಾಲೋವೀನ್’ ಅಂತ ಸಿನಿಮಾ ಬಂತು. ಜಾನ್ ಕಾರ್ಪೆಂಟರ್ ನಿರ್ದೇಶಕ. ಖರ್ಚು ಮೂರು ಲಕ್ಷ ಡಾಲರಿಗೆ ಸ್ವಲ್ಪ ಮೇಲೆ. ಕೊಲೆಗಾರನ ಮುಖವಾಡ ಕೊಳ್ಳೋಕೂ ದುಡ್ಡಿಲ್ಲದೆ, ಅಂಗಡಿಯಲ್ಲಿ ಎರಡು ಡಾಲರಿಗೆ ಸಿಗ್ತಿದ್ದ ಒಂದು ಮುಖವಾಡ ತಂದು ಬಿಳಿ ಬಣ್ಣ ಬಳಿದರು. ಆ ಮುಖವಾಡ ಜಗತ್ತನ್ನೇ ಹೆದರಿಸಿತು, ಕೋಟಿಗಟ್ಟಲೆ ಡಾಲರ್ ತಂದುಕೊಟ್ಟಿತು. ನಮ್ಮಲ್ಲೂ ರಾಮ್ಸೆ ಸಹೋದರರು ಇದನ್ನೇ ಮಾಡಿದ್ದು. 1984ರ ‘ಪುರಾನಾ ಮಂದಿರ್’ ದೊಡ್ಡ ಹೀರೋ ಇಲ್ಲದೆ ಸಣ್ಣ ಊರುಗಳ ಟಾಕೀಸ್‌ಗಳನ್ನ ತುಂಬಿಸಿತು.

ದುಡ್ಡು ಬಂತು ಅಂದ್ರೆ ಎರಡನೇ ಭಾಗ ಬರ್ಲೇಬೇಕು. ಸಮಸ್ಯೆ ಶುರುವಾಗೋದೇ ಅಲ್ಲಿ. ಹೆದರಿಕೆ ಹುಟ್ಟೋದು ಗೊತ್ತಿಲ್ಲದ್ದರಿಂದ. ಕತ್ತಲೆಯಲ್ಲಿ ಯಾರಿದ್ದಾರೆ ಗೊತ್ತಿಲ್ಲ, ಅದಕ್ಕೆ ಹೆದರ್ತೀವಿ. ಎರಡನೇ ಭಾಗಕ್ಕೆ ಬರುವ ಪ್ರೇಕ್ಷಕನಿಗೆ ಕೊಲೆಗಾರ ಯಾರು, ಹೇಗೆ ಕೊಲ್ತಾನೆ ಎಲ್ಲಾ ಗೊತ್ತಿರುತ್ತೆ. ಆಗ ನಿರ್ದೇಶಕನ ಮುಂದೆ ಇರೋದು ಮೂರೇ ದಾರಿ.

ಒಂದು, ರಕ್ತ ಜಾಸ್ತಿ ಮಾಡೋದು. 2022ರ ‘ಟೆರಿಫೈಯರ್ 2’ ಹಂಗೆ ಮಾಡಿತು. ಎರಡೂವರೆ ಲಕ್ಷ ಡಾಲರ್ ಖರ್ಚು, ಒಂದು ಕೋಟಿ ಡಾಲರಿಗೂ ಮೀರಿ ಗಳಿಕೆ. ನೋಡೋಕಾಗದೆ ಕೆಲವರು ಥಿಯೇಟರ್‌ನಲ್ಲೇ ತಲೆ ಸುತ್ತಿ ಬಿದ್ದರು ಅನ್ನೋ ಸುದ್ದಿಯೇ ಅದಕ್ಕೆ ಪ್ರಚಾರ ಆಯ್ತು. ಎರಡು, ಕೊಲೆಗಾರನನ್ನ ಬದಲಾಯಿಸೋದು. 1980ರ ‘ಫ್ರೈಡೆ ದಿ ಥರ್ಟೀನ್ತ್’ನಲ್ಲಿ ಕೊಂದವಳು ತಾಯಿ, ಮರುವರ್ಷದ ಎರಡನೇ ಭಾಗದಲ್ಲಿ ಕೊಲ್ಲುವವನು ಮಗ. ಮೂರನೇ ದಾರಿ ಕಷ್ಟದ್ದು. ಪ್ರೇಕ್ಷಕನನ್ನ ಎದ್ದು ನಿಲ್ಲಿಸಿ, ‘ನೀನು ಹೋದ ಸಲ ನಂಬಿದ್ದು ನಿಜವಾ?’ ಅಂತ ಕೇಳೋದು.

‘ದಂಡುಪಾಳ್ಯ 2’ ಹಿಡಿದದ್ದು ಈ ಮೂರನೇ ದಾರಿ.

ಹಿಂದಿನದ್ದು ನೆನಪು ಮಾಡ್ಕೊಳ್ಳಿ. 2012ರ ಸೆಪ್ಟೆಂಬರ್‌ನಲ್ಲಿ ಶ್ರೀನಿವಾಸ ರಾಜು ನಿರ್ದೇಶನದ ‘ದಂಡುಪಾಳ್ಯ’ ಬಂತು. ‘ಮುಂಗಾರು ಮಳೆ’ಯ ಹುಡುಗಿ ಪೂಜಾ ಗಾಂಧಿ ಬೀಡಿ ಸೇದುವ ಲಕ್ಷ್ಮಿ ಆಗಿದ್ರು. ಮಕರಂದ್ ದೇಶಪಾಂಡೆ ಗ್ಯಾಂಗಿನ ನಾಯಕ. ರವಿಶಂಕರ್ ಪೊಲೀಸ್ ಅಧಿಕಾರಿ. ಆಧಾರ, 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಒಂಟಿ ಮನೆಗಳಿಗೆ ನುಗ್ಗಿ ಕುತ್ತಿಗೆ ಕೊಯ್ದ ಆರೋಪ ಹೊತ್ತ ನಿಜವಾದ ಗ್ಯಾಂಗು. ಹೊಸಕೋಟೆ ಹತ್ತಿರದ ಒಂದು ಹಳ್ಳಿಯ ಹೆಸರು ಅವತ್ತಿಂದ ಬೈಗುಳ ಆಗಿಹೋಯ್ತು. ಇವತ್ತು ವಿಧಾನಸೌಧದಲ್ಲೂ ಒಬ್ಬರನ್ನೊಬ್ಬರು ‘ದಂಡುಪಾಳ್ಯ ಗ್ಯಾಂಗ್’ ಅಂತ ಕರೀತಾರೆ. ಆ ಊರಲ್ಲಿ ಹುಟ್ಟಿ, ದುಡಿದು ತಿನ್ನೋ ಮನುಷ್ಯ ತನ್ನ ಊರಿನ ಹೆಸರು ಹೇಳೋವಾಗ ಏನನ್ನಿಸಬೇಕು? ಯೋಚನೆ ಮಾಡಿದೀವಾ?

ಮೊದಲ ಭಾಗದಲ್ಲಿ ಎಲ್ಲಾ ಸ್ಪಷ್ಟ. ಇವರು ರಾಕ್ಷಸರು, ಪೊಲೀಸರು ಹಿಡೀತಾರೆ, ನಾವು ಉಸಿರು ಬಿಡ್ತೀವಿ. ಎರಡನೇ ಭಾಗದಲ್ಲಿ ಒಬ್ಬ ಪತ್ರಕರ್ತೆ ಬರ್ತಾಳೆ. ಶ್ರುತಿ ಮಾಡಿದ ಪಾತ್ರ. ಆಕೆ ಜೈಲಿಗೆ ಹೋಗಿ ಗ್ಯಾಂಗಿನವರನ್ನ ಮಾತಾಡಿಸ್ತಾಳೆ. ಅವರು ಹೇಳೋದು: ನಾವು ಮಾಡಿಲ್ಲ, ಹೊಡೆದು ಬಡಿದು ಒಪ್ಪಿಸಿದ್ರು. ಆಮೇಲೆ ತೆರೆಯ ತುಂಬಾ ಲಾಕಪ್ಪಿನ ಹಿಂಸೆ.

ಈಗ ಕಟ್ಟೆ ಮೇಲಿನ ಆ ಹುಡುಗನ ಮಾತಿಗೆ ಬನ್ನಿ. ‘ಬರೇ ಬಡಿಯೂದು, ಒದರೂದು.’ ಅವನು ತಪ್ಪು ಹೇಳಿಲ್ಲ ಕಣ್ರೀ. ಪ್ರಶ್ನೆ ಒಳ್ಳೇದೇ ಇತ್ತು. ಆದ್ರೆ ಕೇಳಿದ ರೀತಿ? ಮೊದಲ ಭಾಗ ಕೊಲೆಯನ್ನ ಎಷ್ಟು ರುಚಿಯಿಂದ ತೋರಿಸಿತ್ತೋ, ಎರಡನೇದು ಹಿಂಸೆಯನ್ನ ಅಷ್ಟೇ ರುಚಿಯಿಂದ ತೋರಿಸಿತು. ಹಿಂಸೆ ತಪ್ಪು ಅಂತ ಹೇಳೋಕೆ ಹೊರಟವರು ಹಿಂಸೆಯನ್ನೇ ಮಾರಿದ್ರು. ಬಟ್ಟೆ ಬಿಚ್ಚಿದ ದೃಶ್ಯದ ತುಣುಕು ಮೊಬೈಲಿಂದ ಮೊಬೈಲಿಗೆ ಹರಿದಾಡಿತು, ಅದರ ಬಗ್ಗೆ ನಮ್ಮ ಚಾನಲ್‌ಗಳು ಗಂಟೆಗಟ್ಟಲೆ ಚರ್ಚೆ ಮಾಡಿದ್ವು. ಪ್ರಶ್ನೆ ಎಲ್ಲೋ ಕಳೆದೇ ಹೋಯ್ತು.

ಅಂಗಡಿಯವರ ಸಿಟ್ಟೂ ನ್ಯಾಯವಾದದ್ದೇ. ಸತ್ತವರಿಗೂ ಮನೆ ಇದೆ, ಮಕ್ಕಳಿದ್ದಾರೆ. ಆದ್ರೆ ಒಂದು ವಿಷಯ ಬಿಡಿಸಿ ಹೇಳಬೇಕು. ಈ ಗ್ಯಾಂಗಿನ ಮೇಲಿದ್ದದ್ದು ಒಂದು ಕೇಸಲ್ಲ, ಹತ್ತಾರು. ವಿಶೇಷ ನ್ಯಾಯಾಲಯ ಹಲವರಿಗೆ ಗಲ್ಲು ಶಿಕ್ಷೆ ಕೊಟ್ಟಿತು. ಕೆಲವರು ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲೇ ಇದ್ರು. ಹೈಕೋರ್ಟು ಕೆಲವು ಕೇಸುಗಳಲ್ಲಿ ಗಲ್ಲನ್ನ ಜೀವಾವಧಿಗೆ ಇಳಿಸಿತು. ಸಾಕ್ಷ್ಯ ಸಾಲದ ಕಡೆ ಬಿಡುಗಡೆಯ ಆದೇಶವೂ ಬಂತು. ಅಂದ್ರೆ ಕೋರ್ಟು ‘ಇವರೆಲ್ಲಾ ರಾಕ್ಷಸರು’ ಅಂತಲೂ ಹೇಳಲಿಲ್ಲ, ‘ಇವರೆಲ್ಲಾ ಅಮಾಯಕರು’ ಅಂತಲೂ ಹೇಳಲಿಲ್ಲ. ಒಂದೊಂದೇ ಕೇಸು ಎತ್ತಿಕೊಂಡು, ಇದಕ್ಕೆ ಸಾಕ್ಷಿ ಇದೆಯಾ, ಇಲ್ವಾ ಅಂತ ನೋಡಿತು. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನ ಅವನ ವಿರುದ್ಧ ಸಾಕ್ಷಿ ಅಂತ ಒಪ್ಪೋ ಹಾಗಿಲ್ಲ ಅನ್ನೋದು 1872ರ ಸಾಕ್ಷ್ಯ ಕಾಯ್ದೆಯಿಂದ ಇವತ್ತಿನ ಹೊಸ ಕಾನೂನಿನವರೆಗೂ ಇದೆ. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ!

ಸಾಕ್ಷಿ ಕೇಳೋದು ಅಂದ್ರೆ ಕೊಲೆಗಾರನ ಮೇಲೆ ಕನಿಕರ ಅಲ್ಲ. ತಪ್ಪು ಮನುಷ್ಯ ಒಳಗೆ ಹೋದ್ರೆ ನಿಜವಾದ ಕೊಲೆಗಾರ ಹೊರಗೇ ಇರ್ತಾನೆ ಅಂತ ಅರ್ಥ. ಸತ್ತವರ ಮನೆಯವರಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಅಂಗಡಿಯವರಿಗೆ ಇದನ್ನೇ ಹೇಳಿದೆ. ‘ಅದೂ ಖರೇನರಿ’ ಅಂದು ಸುಮ್ಮನಾದ್ರು. ಪೂರ್ತಿ ಒಪ್ಪಿದ್ರು ಅಂತ ನನಗೇನೂ ಅನ್ನಿಸಲಿಲ್ಲ.

ಈಗ ನಮ್ಮ ಮನೆಯ ಮಾತು. ‘ದಂಡುಪಾಳ್ಯ’ ಸರಣಿಗೆ ಸೆನ್ಸಾರಿನವರು ‘ಎ’ ಸರ್ಟಿಫಿಕೇಟ್ ಕೊಟ್ಟರು. ಅಂದ್ರೆ ಹದಿನೆಂಟು ತುಂಬದವರು ಥಿಯೇಟರ್ ಒಳಗೆ ಬರೋ ಹಾಗಿಲ್ಲ. ‘ಎ’ ಸಿನಿಮಾ ಟಿವಿಯಲ್ಲಿ ಹಾಕಬೇಕಾದ್ರೆ ಕತ್ತರಿಸಿ, ಬೇರೆ ಸರ್ಟಿಫಿಕೇಟ್ ತಗೋಬೇಕು. ಸರಿ. ಆದ್ರೆ ರಾತ್ರಿ ನ್ಯೂಸ್ ಚಾನಲ್‌ಗಳಲ್ಲಿ ಬರೋ ಕ್ರೈಮ್ ಕಾರ್ಯಕ್ರಮಕ್ಕೆ? ಅದಕ್ಕೆ ಮುಂಚಿತವಾಗಿ ನೋಡಿ ಪಾಸು ಮಾಡೋ ಸೆನ್ಸಾರೇ ಇಲ್ಲ. ಅದೇ ಕತ್ತಲೆ, ಅದೇ ಸಂಗೀತ, ಕೆಂಪು ಬಣ್ಣದ ವೃತ್ತ, ‘ಬೆಚ್ಚಿಬಿದ್ದ ಗ್ರಾಮ’ ಅಂತ ದಪ್ಪಕ್ಷರ. ನಟರನ್ನ ಇಟ್ಟು ಕೊಲೆ ಮಾಡಿಸಿ ತೋರಿಸ್ತೀವಿ. ನಾನೂ ಅಂಥ ಕಾರ್ಯಕ್ರಮಗಳಿಗೆ ಧ್ವನಿ ಕೊಟ್ಟಿದೀನಿ. ಆರೋಪಿ ಅನ್ನೋ ಪದ ಬಿಟ್ಟು ಹಂತಕ ಅಂತ ಓದಿದೀನಿ. ಅವರಲ್ಲಿ ಒಬ್ಬ ಆಮೇಲೆ ಬಿಡುಗಡೆಯಾದ. ಅದರ ಎರಡನೇ ಭಾಗ ನಾವು ಮಾಡಲಿಲ್ಲ. ಸಿನಿಮಾದವರು ಚೆನ್ನಾಗೋ ಕೆಟ್ಟದಾಗೋ, ಎರಡನೇ ಭಾಗ ಮಾಡೋ ಧೈರ್ಯನಾದ್ರೂ ತೋರಿಸಿದ್ರು.

ಇದರಲ್ಲಿ ನಷ್ಟ ಯಾರಿಗೆ? ಮನೆ ಬಾಗಿಲಿಗೆ ಬರೋ ಬಡವರಿಗೆ. ಮೊದಲ ಭಾಗದಲ್ಲಿ ಲಕ್ಷ್ಮಿ ನೀರು ಕೇಳೋ ನೆಪದಲ್ಲಿ ಬಾಗಿಲು ತೆಗೆಸ್ತಾಳೆ. ಕೊಲೆಯ ದೃಶ್ಯಕ್ಕಿಂತ ಹೆಚ್ಚಾಗಿ ಜನರ ತಲೆಯಲ್ಲಿ ಉಳಿದದ್ದು ಅದು. ನಮ್ಮ ಕಡೆ ಬಾಗಿಲಿಗೆ ಯಾರು ಬರ್ತಾರೆ? ಎತ್ತಿನ ಜೊತೆ ಬಂದು ವಂಶಾವಳಿ ಹೇಳೋ ಹೆಳವರು. ಸವದತ್ತಿ ಎಲ್ಲಮ್ಮನ ಜೋಗತಿಯರು. ಕೂದಲು ತಗೊಂಡು ಸ್ಟೀಲ್ ಡಬ್ಬಿ ಕೊಡೋರು. ಸೂಜಿ ದಬ್ಬಣ ಮಾರೋರು. ಊರೂರು ತಿರುಗೋ ಹಲವು ಸಮುದಾಯಗಳನ್ನ ಬ್ರಿಟಿಷರು 1871ರ ಕಾಯ್ದೆ ಮಾಡಿ ‘ಹುಟ್ಟಾ ಅಪರಾಧಿಗಳು’ ಅಂತ ಪಟ್ಟಿಗೆ ಸೇರಿಸಿದ್ರು, ಬೇಲಿ ಹಾಕಿ ಕೂಡಿ ಹಾಕಿದ್ರು. ಹುಬ್ಬಳ್ಳಿಯ ಸೆಟ್ಲಮೆಂಟ್ ಅನ್ನೋ ಹೆಸರು ಇವತ್ತಿಗೂ ಆ ಕಥೆ ಹೇಳುತ್ತೆ. 1952ರಲ್ಲಿ ಪಟ್ಟಿ ರದ್ದಾಯ್ತು. ನಮ್ಮ ತಲೆಯೊಳಗಿನ ಪಟ್ಟಿ?

2018ನೇ ಇಸವಿ ನೆನಪಿಸ್ಕೊಳ್ಳಿ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅಂತ ಅನುಮಾನಿಸಿ ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಜನ ಸತ್ತರು. ಅವರು ಭಿಕ್ಷೆ ಬೇಡೋ ಅಲೆಮಾರಿಗಳು, ಬಸವಣ್ಣನವರು ಇದ್ದ ಮಂಗಳವೇಢೆ ಕಡೆಯವರು. ಸಿನಿಮಾ ನೋಡಿ ಕೊಂದ್ರು ಅಂತ ನಾನು ಹೇಳ್ತಿಲ್ಲ. ಅದಕ್ಕೆ ವಾಟ್ಸಾಪಿನ ಸುಳ್ಳು ಕಾರಣ. ಆದ್ರೆ ಸುಳ್ಳು ಬೀಜ ಮೊಳೆಯೋಕೆ ಹದವಾದ ನೆಲ ಬೇಕು. ಆ ನೆಲ ಹದ ಮಾಡೋದರಲ್ಲಿ ನಮ್ಮದೂ ಪಾಲಿದೆ.

ಈಗ ಅಜ್ಜಿಯ ಮಾತು. ಸಕ್ಕರೆ ಪೊಟ್ಟಣ ಸೆರಗಿನಲ್ಲಿ ಕಟ್ಕೊಂಡು ಆಕೆ ಹೇಳಿದ್ದು ಇಷ್ಟು. ‘ತಮ್ಮಾ, ನಾ ಪಿಚ್ಚರ್ ನೋಡಿಲ್ಲ. ಹೋದ ಬ್ಯಾಸಗ್ಯಾಗ ಒಬ್ಬಾಕಿ ಕೂಸು ಕಟ್ಕೊಂಡು ಬಂದು ನೀರು ಕೇಳಿದ್ಲು. ನಮ್ಮ ಸ್ವಸಿ ಬಾಗಲಾ ಹಾಕ್ಕೊಂಡು, ಅತ್ತಿ, ಇವ್ರು ದಂಡುಪಾಳ್ಯದವ್ರು ಇರಬೇಕು, ಹೊರಗ ಹೋಗಬ್ಯಾಡ್ರಿ ಅಂದ್ಲು. ನಾ ಹಿತ್ತಲ ಬಾಗಲಲೆ ಹೋಗಿ ಒಂದ್ ತಂಬಿಗಿ ನೀರು, ಒಂದ್ ತುಣುಕು ಬೆಲ್ಲ ಕೊಟ್ಟು ಬಂದೆ. ಸ್ವಸಿದೂ ತಪ್ಪಿಲ್ಲ, ಮನ್ಯಾಗ ಒಬ್ಬಾಕೀನ ಇರ್ತಾಳ. ಆದ್ರ ನೀರು ಕೇಳಿದವ್ರಿಗೆ ಇಲ್ಲ ಅನ್ನೂದು ಹ್ಯಾಂಗ?’

ಸೊಸೆಯ ಹೆದರಿಕೆಯನ್ನ ಹಗುರ ಮಾಡಬೇಡಿ. ಒಂಟಿ ಮನೆಯ ಹೆಣ್ಣುಮಗಳು ಜಾಗ್ರತೆಯಿಂದ ಇರಲೇಬೇಕು. ಕಿಟಕಿಯಿಂದ ನೋಡಲಿ, ನೆರೆಯವರನ್ನ ಕೂಗಲಿ, ಬಾಗಿಲ ಚಿಲಕ ಹಾಕಿಕೊಂಡೇ ಮಾತಾಡಲಿ. ಅನುಮಾನ ಇದ್ರೆ 112ಕ್ಕೆ ಫೋನ್ ಮಾಡಲಿ. ಅದು ಎಚ್ಚರಿಕೆ. ಮುಖ ನೋಡಿ, ಬಟ್ಟೆ ನೋಡಿ ‘ಇವರು ಅವರೇ’ ಅಂತ ತೀರ್ಮಾನ ಮಾಡೋದಿದೆಯಲ್ಲ, ಅದು ಬೇರೆ.

‘ದಂಡುಪಾಳ್ಯ 2’ ಒಳ್ಳೆ ಸಿನಿಮಾನಾ ಅಂತ ಆ ಹುಡುಗ ಕೇಳಿದ್ನಲ್ಲ, ಅಲ್ಲ ಅಂತಲೇ ಹೇಳಿ ಬಂದೆ. ಆದ್ರೆ ಅದು ಕೇಳೋಕೆ ಹೊರಟ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೇಗಾಂವದ ಒಂದು ಹಿತ್ತಲ ಬಾಗಿಲಲ್ಲಿ. ಇಂದು ರಾತ್ರಿ ಟಿವಿ ಆರಿಸೋ ಮುಂಚೆ ನೀವೂ ಒಮ್ಮೆ ಕೇಳ್ಕೊಳ್ಳಿ. ನಾಳೆ ಮಧ್ಯಾಹ್ನ ಬಾಗಿಲು ತಟ್ಟಿ ಯಾರಾದ್ರೂ ನೀರು ಕೇಳಿದ್ರೆ, ಮೊದಲು ಏನು ನೆನಪಾಗುತ್ತೆ? ಅವರ ಬಾಯಾರಿಕೆನಾ? ಇಲ್ಲಾ, ನಾವು ತೋರಿಸಿದ ಸಿನಿಮಾನಾ?