ಬೆನ್ನ ಹೊರೆಯ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾಲ್ವರು ವಿದ್ಯಾರ್ಥಿಗಳನ್ನು ಕೂಡಿಕೊಂಡು ನಾವು ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನು ಏರಲು ಹೊರಟೆವು. ನಮ್ಮ ಬೆನ್ನುಚೀಲದ ತೂಕ 16 ಕಿಲೋಗ್ರಾಂ. ಜಮಖಾನ, ಹಿತ್ತಾಳೆಯ ಪಾತ್ರೆ, ಎರಡು ದಪ್ಪ ಪುಸ್ತಕ, ಒಂದು ಡಜನ್ ಬಾಳೆಯ ಹಣ್ಣು—ಅದರಲ್ಲಿ ಏನಿತ್ತು, ಏನಿರಲಿಲ್ಲ! ಮರುದಿನ ಇಳಿಯುವಾಗ ಮೊಣಕಾಲು ಹಿಡಿದುಕೊಂಡಿತು. ಹುಡುಗರು ಸರದಿಯಂತೆ ನಮ್ಮ ಚೀಲವನ್ನೂ ಹೊರಬೇಕಾಯಿತು. ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೆ?

ಊರಿಗೆ ಮರಳಿ ಲೆಕ್ಕ ಹಾಕಿದೆವು. ಕುಕ್ಕೆಯಿಂದ ಶಿಖರಕ್ಕೆ ಏರಬೇಕಾದ ಎತ್ತರ ಸುಮಾರು 1,600 ಮೀಟರ್. ಒಂದು ಕಿಲೋಗ್ರಾಂ ವಸ್ತುವನ್ನು ಅಷ್ಟು ಮೇಲಕ್ಕೆ ಒಯ್ಯಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 1 × 9.8 × 1,600, ಎಂದರೆ ಹೆಚ್ಚುಕಡಿಮೆ 15,700 ಜೂಲ್. ನಮ್ಮ ಸ್ನಾಯುಗಳು ತಮಗೆ ದೊರೆತ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು, ಉಳಿದುದು ಶಾಖವಾಗುವುದು. ಆದುದರಿಂದ ನಿಜವಾದ ವೆಚ್ಚ ಸುಮಾರು 63,000 ಜೂಲ್, ಅಥವಾ 15 ಕಿಲೋಕ್ಯಾಲರಿ. ಇದು ಒಂದು ಚಿಕ್ಕ ಚಮಚ ಸಕ್ಕರೆಗೆ ಸಮ! ಹದಿನಾರು ಕಿಲೋಗ್ರಾಮಿಗೆ ಹದಿನಾರು ಚಮಚ ಸಕ್ಕರೆ ಸಾಕೆಂದಾದರೆ, ಕಾಲು ಸೋತುದೇಕೆ?

ಶಕ್ತಿ ಬೇರೆ, ಬಲ ಬೇರೆ ಎಂಬುದನ್ನು ನಾವು ಮರೆತಿದ್ದೆವು. ಇಳಿಯುವಾಗ ಗುರುತ್ವವು ನಮ್ಮ ಪರವಾಗಿದೆಯೆಂದು ಸೂತ್ರ ಹೇಳುತ್ತದೆ. ಆದರೆ ಹಾಗೆ ಮರಳಿ ಬಂದ ಶಕ್ತಿಯನ್ನು ಕೂಡಿಟ್ಟುಕೊಳ್ಳುವ ಉಪಾಯ ದೇಹಕ್ಕಿಲ್ಲ. ತೊಡೆಯ ಸ್ನಾಯು ಬಿಗಿಯಾಗಿದ್ದುಕೊಂಡೇ ಹಿಗ್ಗುತ್ತ, ಗಾಡಿಯ ಬ್ರೇಕಿನಂತೆ ವರ್ತಿಸಬೇಕು. ಆಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಬಲ ದೇಹ ಮತ್ತು ಹೊರೆಗಳ ಒಟ್ಟು ಭಾರದ ಹಲವು ಪಟ್ಟಾಗುತ್ತದೆ. ಹೆಜ್ಜೆಗಳೋ ಸಾವಿರಾರು.

ಹೊರೆಯನ್ನು ಎಲ್ಲಿ ಇಳಿಸಬೇಕು? ಮೊದಲು ಪಾದದಿಂದ. ಪಾದರಕ್ಷೆಯ ತೂಕ ಪ್ರತಿ ಹೆಜ್ಜೆಗೂ ಮೇಲೆದ್ದು, ವೇಗ ಪಡೆದು, ಮತ್ತೆ ನಿಲ್ಲಬೇಕು. ಅದು ಬೆನ್ನ ಮೇಲಿನ ಅಷ್ಟೇ ತೂಕಕ್ಕಿಂತ ನಾಲ್ಕೈದು ಪಟ್ಟು ದುಬಾರಿಯೆಂದು ಪ್ರಯೋಗಗಳು ತೋರಿಸಿವೆ. 1955ರಲ್ಲಿ ಅಮೆರಿಕದ ಎಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ 3,000 ಕಿಲೋಮೀಟರಿಗೂ ಮಿಕ್ಕಿದ ಅಪಲೇಚಿಯನ್ ಹಾದಿಯನ್ನು ಒಂಟಿಯಾಗಿ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾವೇ ಹೊಲಿದ ಚೀಲ, ಡೇರೆ ಇಲ್ಲ.

ಆಹಾರದಲ್ಲಿ ನಾವು ಹೊರುವುದು ಬಹುಪಾಲು ನೀರನ್ನೇ. ಬಾಳೆಯ ಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು. ಅವಲಕ್ಕಿಯಲ್ಲಿ ಹತ್ತರಲ್ಲೊಂದು ಪಾಲಿನಷ್ಟು. ಒಂದು ಗ್ರಾಂ ಪಿಷ್ಟ 4 ಕಿಲೋಕ್ಯಾಲರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಆದುದರಿಂದ ಕಡಲೆಕಾಯಿಬೀಜ ಒಳ್ಳೆಯ ಸಂಗಾತಿ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು: ಲೀಟರಿಗೆ ಒಂದು ಕಿಲೋಗ್ರಾಂ, ಚೌಕಾಸಿಯಿಲ್ಲ.

ಮಳೆಯಂಗಿಯನ್ನೂ ಬಿಡಬಾರದು. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವಣ ಗಾಳಿಯಿಂದ. ಹತ್ತಿಬಟ್ಟೆ ತೊಯ್ದರೆ ಆ ಗಾಳಿಯ ಸ್ಥಾನಕ್ಕೆ ನೀರು ಬರುತ್ತದೆ. ನೀರು ಶಾಖವನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಸಾಗಿಸುತ್ತದೆ. ಬೆಟ್ಟದ ಗಾಳಿಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಮುಂದಿನ ಸಲ ಒಂದೊಂದು ವಸ್ತುವನ್ನೂ ತಕ್ಕಡಿಗಿಟ್ಟು ನೋಡಿದೆವು. ಚೀಲ 7 ಕಿಲೋಗ್ರಾಮಿಗೆ ಇಳಿಯಿತು. ಭಾರವಾದುದನ್ನು ಬೆನ್ನಿಗೆ ಒತ್ತಿಕೊಂಡಿರುವಂತೆ ಜೋಡಿಸಿದೆವು. ದೂರಕ್ಕೆ ಸರಿದಷ್ಟೂ ಅದು ನಮ್ಮನ್ನು ಹಿಂದಕ್ಕೆ ಜಗ್ಗುವುದು. ಪುಸ್ತಕಗಳಲ್ಲಿ ಒಂದನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ.